ಸಂಪಂಗಿ ಕೆರೆಯ ಮೇಲೆ ಕಂಠೀರವ

ಕಬ್ಬನ್ ಪಾರ್ಕಿನ ಮರಗಳ ನೆತ್ತಿಯ ಮೇಲೆ ಮೂಡಿದ ಬಿಸಿಲು ಕಸ್ತೂರಬಾ ರಸ್ತೆಗೆ ಇಳಿಯುವ ಹೊತ್ತಿಗೆ, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ದಿನದ ಮೊದಲ ಪಾಳಿ ಆಗಲೇ ಅರ್ಧ ಮುಗಿದಿರುತ್ತದೆ. ಮೊಳೆಬೂಟುಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡ ಹುಡುಗಿಯರು, ಮಗನ ಓಟವನ್ನು ಬೇಲಿಯಾಚೆಯಿಂದ ಕಣ್ಣಲ್ಲೇ ಅಳೆಯುವ ತಂದೆಯರು, ಕೈಗಡಿಯಾರದ ಮುಳ್ಳಿಗಿಂತ ಕಟ್ಟುನಿಟ್ಟಾದ ತರಬೇತುದಾರರು, ಎಲ್ಲರೂ ಆ ಕೆಂಪು ಹಾದಿಯ ಸುತ್ತ ತಮ್ಮ ತಮ್ಮ ಕೆಲಸದಲ್ಲಿ ಮಗ್ನರು. ಆಗ ಅಲ್ಲಿಗೆ ಬಂದ ಪರಸ್ಥಳದವನು, ‘ಇದು ಓಟಗಾರರ ಮನೆ’ ಎಂದು ನಿಶ್ಚಯಿಸಿಕೊಂಡು ಹೋದರೆ ತಪ್ಪೇನೂ ಇಲ್ಲ. ಆದರೆ ಅದೇ ಮನುಷ್ಯ ಕಾಲ್ಚೆಂಡಿನ ಪಂದ್ಯವಿರುವ ಸಂಜೆ ಮತ್ತೆ ಬಂದನೆಂದರೆ, ನೀಲಿ ಅಂಗಿ ತೊಟ್ಟ ಸಾವಿರಾರು ಜನರ ಹಾಡು ಮತ್ತು ಚಪ್ಪಾಳೆಗಳ ನಡುವೆ ತನ್ನ ನಿಶ್ಚಯವನ್ನು ಬದಲಿಸಬೇಕಾಗುತ್ತದೆ. ಮನೆ ಒಂದೇ, ಒಕ್ಕಲು ಬೇರೆ ಬೇರೆ.

ಈ ನೆಲಕ್ಕೆ ಒಕ್ಕಲುಗಳ ಈ ತಕರಾರು ಹೊಸದಲ್ಲ. ಇಂದು ಹುಲ್ಲು ಹಾಸಿರುವ ಈ ಎಡೆಯಲ್ಲಿ ಹಿಂದೆ ನೀರು ನಿಂತಿತ್ತು. ಕೆಂಪೇಗೌಡರ ಕಾಲದ್ದೆಂದು ಜನ ಹೇಳುತ್ತ ಬಂದಿರುವ ಸಂಪಂಗಿ ಕೆರೆ ಇದೇ. ಒಂದು ಕಡೆ ಕೋಟೆ ಪೇಟೆಗಳ ಹಳೆಯ ಊರು, ಇನ್ನೊಂದು ಕಡೆ ಇಂಗ್ಲಿಷರು ಕಟ್ಟಿದ ದಂಡು; ಎರಡಕ್ಕೂ ನಡುವೆ ಈ ಕೆರೆ. ಸುತ್ತಲಿನ ತಿಗಳರ ತೋಟಗಳಿಗೆ, ಹೂವಿನ ಮಡಿಗಳಿಗೆ ಇದರ ನೀರೇ ಆಧಾರ. ದಂಡಿನ ದೊರೆಗಳಿಗಾದರೋ ಕುದುರೆ ಏರಿ ಪೋಲೋ ಆಡಲು ಒಣನೆಲ ಬೇಕಾಗಿತ್ತು. ಒಬ್ಬರಿಗೆ ಕೆರೆ ತುಂಬಿದರೆ ಸಂತೋಷ, ಇನ್ನೊಬ್ಬರಿಗೆ ಬತ್ತಿದರೆ ಸಂತೋಷ. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ಹರಿದು ನಗರವನ್ನು ಸೇರಿತು. ನಲ್ಲಿಯ ನೀರು ಮನೆಯೊಳಗೇ ಬಂದ ಮೇಲೆ ಕೆರೆಯ ಕಡೆಗೆ ನೋಡುವವರು ಕಡಿಮೆಯಾದರು. ಕಾಲಕ್ರಮದಲ್ಲಿ ಕೆರೆ ಕುಗ್ಗಿತು, ಬತ್ತಿತು, ಮೈದಾನವಾಯಿತು, ಕ್ರೀಡಾಂಗಣವಾಯಿತು. ಆದರೂ ಅದರ ಹೆಸರು ಪೂರ್ತಿ ಅಳಿಯಲಿಲ್ಲ. ಪಕ್ಕದ ಬಡಾವಣೆಯನ್ನು ಜನ ಈಗಲೂ ಸಂಪಂಗಿರಾಮನಗರವೆಂದೇ ಕರೆಯುತ್ತಾರೆ.

ಕ್ರೀಡಾಂಗಣಕ್ಕೆ ಮಾತ್ರ ಹೆಸರು ಬೇರೊಂದು ದಿಕ್ಕಿನಿಂದ ಬಂತು. ‘ಕಂಠೀರವ’ ಎಂದರೆ ಸಿಂಹ, ಕಂಠದಲ್ಲಿಯೇ ರವವುಳ್ಳದ್ದು. ಮೈಸೂರಿನ ಅರಸು ಮನೆತನದಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದ ಹೆಸರು. 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಿಂದ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ತಮ್ಮ ತೋಳ್ಬಲಕ್ಕೆ ಹೆಸರಾದವರು. ಅವರು ಟಂಕಿಸಿದ ಹಣಕ್ಕೂ ಅವರ ಹೆಸರೇ ಅಂಟಿಕೊಂಡಿತು. ಇಪ್ಪತ್ತನೆಯ ಶತಮಾನದಲ್ಲಿ ಜಯಚಾಮರಾಜ ಒಡೆಯರ ತಂದೆಯವರೂ ಕಂಠೀರವ ನರಸಿಂಹರಾಜ ಒಡೆಯರೇ. ‘ಯುವರಾಜರು’ ಎಂದೇ ಪ್ರಜೆಗಳ ಬಾಯಲ್ಲಿದ್ದ ಅವರು 1940ರಲ್ಲಿ ತೀರಿಕೊಂಡರು. ಆಟದ ಅಂಗಳಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ. ಸಾವಿರಾರು ಕಂಠಗಳು ಒಟ್ಟಿಗೆ ಮೊರೆಯುವ ಸಂಜೆಗಳಲ್ಲಿ, ಹೆಸರಿಟ್ಟವರು ಭವಿಷ್ಯವನ್ನು ಬಲ್ಲವರಾಗಿದ್ದರೋ ಏನೋ ಎನಿಸುತ್ತದೆ.

ಹೆಸರುಗಳ ವಿಷಯದಲ್ಲಿ ಬೆಂಗಳೂರಿನ ಜನ ವಿಚಿತ್ರ ಸ್ವಭಾವದವರು. ಕ್ರೀಡಾಂಗಣದ ಮಗ್ಗುಲಲ್ಲೇ ಇರುವ ಉದ್ಯಾನ 1927ರಿಂದ ಸರ್ಕಾರಿ ದಾಖಲೆಯಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ. ಜನರ ಬಾಯಲ್ಲಿ ಇಂದಿಗೂ ಕಬ್ಬನ್ ಪಾರ್ಕು. ಹತ್ತಿರದ ಗ್ರಾಂಟ್ ರಸ್ತೆ ವಿಠ್ಠಲ ಮಲ್ಯ ರಸ್ತೆಯಾಯಿತು. ಈ ಹೊಸ ಹೆಸರು ಮಾತ್ರ ನಿಂತಿತು. ಫಲಕ ಬರೆಸುವುದು ಅಧಿಕಾರದ ಕೆಲಸ. ಅದನ್ನು ಬಾಯಿಗೆ ತಂದುಕೊಳ್ಳುವುದೋ ಬಿಡುವುದೋ ಊರಿಗೆ ಸೇರಿದ್ದು. ‘ಶ್ರೀ ಕಂಠೀರವ ಕ್ರೀಡಾಂಗಣ’ವನ್ನು ಊರು ಒಪ್ಪಿಕೊಂಡಿತು, ಆದರೆ ಸಲಿಗೆಯಿಂದ ಹಿಂದು ಮುಂದನ್ನು ಕತ್ತರಿಸಿ ‘ಕಂಠೀರವ’ವೆಂದಷ್ಟೇ ಉಳಿಸಿಕೊಂಡಿತು.

ಈ ಅಂಗಳದ ಒಡೆತನ ರಾಜ್ಯ ಸರ್ಕಾರದ್ದು. ಆಡಳಿತ ಕ್ರೀಡಾ ಇಲಾಖೆಯದು. 1997ರಲ್ಲಿ ಕರ್ನಾಟಕ ರಾಷ್ಟ್ರೀಯ ಕ್ರೀಡೆಗಳಿಗೆ ಆತಿಥ್ಯ ವಹಿಸಿದಾಗ ಈ ಕ್ರೀಡಾಂಗಣ ಹೊಸ ರೂಪವನ್ನು ಪಡೆಯಿತು. ಸುಮಾರು 25 ಸಾವಿರ ಜನ ಕೂಡಬಲ್ಲ ಅಟ್ಟಣಿಗೆಗಳು, ಎಂಟು ಪಟ್ಟೆಗಳ ಓಟದ ಹಾದಿ, ನಡುವೆ ಹಸಿರು ಹುಲ್ಲು. ಒಂದೇ ಅಂಗಳದಲ್ಲಿ ಓಟವೂ ಆಗಲಿ, ಎಸೆತವೂ ಆಗಲಿ, ಕಾಲ್ಚೆಂಡೂ ಆಗಲಿ ಎಂಬುದು ಕಟ್ಟಿದವರ ಉದಾರವಾದ ಎಣಿಕೆ. ಆ ಉದಾರತೆಯೊಳಗೇ ಮುಂದಿನ ಜಗಳದ ಬೀಜವೂ ಅಡಗಿತ್ತು.

ಅದು ಹೇಗೆಂಬುದು ತುಸು ಲೆಕ್ಕ ಹಾಕಿದರೆ ತಿಳಿಯುತ್ತದೆ. 400 ಮೀಟರಿನ ಓಟದ ಹಾದಿಯ ಪ್ರಮಾಣಬದ್ಧ ನಕ್ಷೆಯಲ್ಲಿ ಒಳ ಅಂಗಳದ ಅಗಲ 73 ಮೀಟರು. ಅಂತರರಾಷ್ಟ್ರೀಯ ಕಾಲ್ಚೆಂಡಿನ ಮೈದಾನಕ್ಕೆ 105 ಮೀಟರ್ ಉದ್ದ, 68 ಮೀಟರ್ ಅಗಲ ಬೇಕು. ಹಾದಿ ಬಾಗುವ ಎಡೆಯಲ್ಲಿ ಮೂಲೆಯ ಬಾವುಟಕ್ಕೂ ಓಟದ ಪಟ್ಟೆಗೂ ನಡುವೆ ಉಳಿಯುವುದು ಹೆಚ್ಚು ಕಡಿಮೆ ಒಂದೇ ಮೀಟರು. ಹೆಜ್ಜೆ ತಪ್ಪಿದ ಆಟಗಾರ ಓಟಗಾರನ ನೆಲದಲ್ಲಿ ಬಿದ್ದಿರುತ್ತಾನೆ. ಇತ್ತ 800 ಗ್ರಾಂ ತೂಕದ ಭರ್ಜಿ, 2 ಕಿಲೋ ತೂಕದ ಚಕ್ರ, 7.26 ಕಿಲೋ ತೂಕದ ಹ್ಯಾಮರ್ ಇವೆಲ್ಲ ಬಂದು ಬೀಳುವುದು ಕಾಲ್ಚೆಂಡಿನವರು ಮಗುವಿನಂತೆ ಸಾಕಿದ ಹುಲ್ಲಿನ ಮೇಲೆ. ಒಂದು ಹ್ಯಾಮರ್ ಕೊರೆದ ಗುಂಡಿ ಮರುದಿನ ಒಬ್ಬ ಮುನ್ನಡೆ ಆಟಗಾರನ ಕಾಲು ಉಳುಕಿಸಬಹುದು. ಪಂದ್ಯಕ್ಕೆಂದು ಓಟದ ಪಟ್ಟೆಯ ಮೇಲೆ ಎಳೆದು ತಂದಿಟ್ಟ ಫಲಕಗಳು ಹಾದಿಯ ಹಾಸನ್ನು ಕೀಳಬಹುದು. ಹುಲ್ಲಿಗೆ ವಿಶ್ರಾಂತಿ ಬೇಕು, ಓಟಗಾರನಿಗೆ ವಿರಾಮ ಕೂಡದು. ಇಬ್ಬರ ಬೇಡಿಕೆಯೂ ನ್ಯಾಯವಾದದ್ದೇ. ಆದುದರಿಂದಲೇ ತೀರ್ಪು ಕಷ್ಟ.

2013ರಲ್ಲಿ ಹುಟ್ಟಿದ ಬೆಂಗಳೂರು ಫುಟ್‌ಬಾಲ್ ಕ್ಲಬ್ಬು ಮೊದಲ ವರ್ಷ ಅಶೋಕನಗರದ ಫುಟ್‌ಬಾಲ್ ಮೈದಾನದಲ್ಲಿ ಆಡಿ, 2014ರಲ್ಲಿ ಕಂಠೀರವಕ್ಕೆ ಬಂತು. ಅದರೊಂದಿಗೆ ಬಂದ ಅಭಿಮಾನಿಗಳು ತಾವು ನಿಲ್ಲುವ ಪಶ್ಚಿಮದ ಅಟ್ಟಣಿಗೆಯ ಹೆಸರನ್ನೇ ತಮಗಿಟ್ಟುಕೊಂಡು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎನಿಸಿದರು. ಒಡೆತನದ ಪತ್ರವಿಲ್ಲದೆಯೂ ಒಂದು ಜಾಗವನ್ನು ತನ್ನದಾಗಿಸಿಕೊಳ್ಳುವ ಬಗೆ ಇದು. 2016ರ ಅಕ್ಟೋಬರ್ 19ರಂದು ಮಲೇಷ್ಯದ ಜೊಹೊರ್ ತಂಡವನ್ನು ಇಲ್ಲಿ 3-1ರಿಂದ ಸೋಲಿಸಿ, ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ತಂಡವೆಂಬ ಕೀರ್ತಿಯನ್ನು ಆ ಕ್ಲಬ್ಬು ಗಳಿಸಿತು. 2023ರ ಜುಲೈ 4ರಂದು ದಕ್ಷಿಣ ಏಷ್ಯಾ ಪಂದ್ಯಾವಳಿಯ ಅಂತಿಮದಲ್ಲಿ ಭಾರತವು ಕುವೈತನ್ನು ಪೆನಾಲ್ಟಿ ಒದೆತಗಳಲ್ಲಿ 5-4ರಿಂದ ಗೆದ್ದದ್ದೂ ಇದೇ ಹುಲ್ಲಿನ ಮೇಲೆ.

ಇಷ್ಟು ಸಂಭ್ರಮದ ಮಗ್ಗುಲಲ್ಲೇ ಓಟಗಾರರ ಅಳಲೂ ಬೆಳೆಯಿತು. ಪಂದ್ಯದ ದಿನ ಅಭ್ಯಾಸವಿಲ್ಲ, ಎಸೆತಗಾರರಿಗೆ ಹುಲ್ಲಿನ ಮೇಲೆ ಪ್ರವೇಶವಿಲ್ಲ, ಸಾರ್ವಜನಿಕರ ಹಣದಿಂದ ಕಟ್ಟಿದ ಅಂಗಳ ಒಂದು ಖಾಸಗಿ ತಂಡದ ಕೈಗೆ ಹೋದಂತಾಯಿತು ಎಂಬುದು ಅವರ ದೂರು. ಬಾಡಿಗೆ ತೆತ್ತು, ಅಂತರರಾಷ್ಟ್ರೀಯ ಮಟ್ಟಕ್ಕೆ ಮೈದಾನವನ್ನು ಅಣಿಗೊಳಿಸಿ ಆಡುತ್ತೇವೆ, ಊರಿಗೂ ಕೀರ್ತಿಯಲ್ಲವೇ ಎಂಬುದು ಎದುರು ಪಕ್ಷದ ವಾದ. 2010ರ ದಶಕದ ಕೊನೆಯ ವರ್ಷಗಳಲ್ಲಿ ಈ ವ್ಯಾಜ್ಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಕೆರೆಯ ದಿನಗಳ ತೋಟಗಾರನೂ ಪೋಲೋ ಸವಾರನೂ ವೇಷ ಬದಲಿಸಿ ಬಂದು ನಿಂತಂತೆ ಇತ್ತು ಅದು. ಹದಿನೈದು ವರ್ಷದ ಓಟಗಾರ್ತಿಗೆ ಒಂದು ಋತುವಿನ ಅಭ್ಯಾಸ ತಪ್ಪಿದರೆ ಅದು ಬಡ್ಡಿ ಸಮೇತ ಹಿಂದಿರುಗುವ ಸಾಲವಲ್ಲ. ಕ್ರೀಡೆಯಲ್ಲಿ ವಯಸ್ಸು ಯಾರಿಗಾಗಿಯೂ ಕಾಯುವುದಿಲ್ಲ.

ಹಾಗೆಂದು ಪಾಲುದಾರರು ಇವರಿಬ್ಬರೇ ಎಂದುಕೊಳ್ಳುವಂತಿಲ್ಲ. 2013ರ ಮೇ 13ರಂದು, ಮತ್ತೆ 2023ರ ಮೇ 20ರಂದು ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದು ಇಲ್ಲಿಯೇ. 2006ರ ಏಪ್ರಿಲ್‌ನಲ್ಲಿ ಡಾ. ರಾಜಕುಮಾರ್ ಅವರ ಪಾರ್ಥಿವ ಶರೀರವನ್ನೂ, 2021ರ ಅಕ್ಟೋಬರ್‌ನಲ್ಲಿ ಅವರ ಕಿರಿಯ ಮಗ ಪುನೀತ್ ಅವರ ಶರೀರವನ್ನೂ ನಾಡು ಕೊನೆಯ ಸಲ ನೋಡಿದ್ದು ಇದೇ ಅಂಗಳದಲ್ಲಿ. ಇಬ್ಬರೂ ಚಿರವಿಶ್ರಾಂತಿ ಪಡೆದಿರುವುದು ಕಂಠೀರವ ಸ್ಟುಡಿಯೋದಲ್ಲಿ. ಕಂಠೀರವದಿಂದ ಕಂಠೀರವಕ್ಕೆ ಸಾಗಿದ ಆ ಎರಡು ಅಂತಿಮಯಾತ್ರೆಗಳನ್ನು ನೆನೆದು ಇಂದಿಗೂ ಮರುಗುವ ಮನೆಗಳುಂಟು. ಪುನೀತ್ ಅವರನ್ನು ನೋಡಲು ಸರದಿಯಲ್ಲಿ ನಿಂತ ಜನಕ್ಕೆ ಅದು ಓಟದ ಹಾದಿಯೋ ಕಾಲ್ಚೆಂಡಿನ ಹುಲ್ಲೋ ಎಂಬ ಪ್ರಶ್ನೆಯೇ ಏಳಲಿಲ್ಲ. ಊರಿನ ದೊಡ್ಡ ದುಃಖಕ್ಕೆ ಊರಿನ ದೊಡ್ಡ ಅಂಗಳ. ಅಷ್ಟೇ ಅವರ ಲೆಕ್ಕ.

ಹೋಲಿಸಿ ನೋಡುವವನು ಕಬ್ಬನ್ ಪಾರ್ಕನ್ನು ದಾಟಿದರೆ ಸಾಕು. ಅತ್ತ ಚಿನ್ನಸ್ವಾಮಿ ಕ್ರೀಡಾಂಗಣ. ಅಲ್ಲಿ ನೆಲ ಸರ್ಕಾರದ್ದು, ಗುತ್ತಿಗೆಯ ಮೇಲೆ ಪಡೆದು ಕಟ್ಟಿ ನಡೆಸುವುದು ರಾಜ್ಯ ಕ್ರಿಕೆಟ್ ಸಂಸ್ಥೆ. ಹೆಸರು ಮಂಡ್ಯದಿಂದ ಬಂದ ವಕೀಲ ಎಂ. ಚಿನ್ನಸ್ವಾಮಿಯವರದು, ಸಂಸ್ಥೆಗಾಗಿ ದಶಕಗಳ ಕಾಲ ದುಡಿದು, 1977ರಿಂದ 1980ರವರೆಗೆ ಭಾರತ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾಗಿದ್ದವರು. 1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ತಂಡದೊಡನೆ ಅಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದಾಗ ರಿಚರ್ಡ್ಸ್, ಗ್ರೀನಿಜ್ ಎಂಬ ಇಬ್ಬರು ಹೊಸಬರು ತಮ್ಮ ಟೆಸ್ಟ್ ಜೀವನವನ್ನು ಆರಂಭಿಸಿದರು. ಒಂದೇ ಆಟ, ಒಂದೇ ಯಜಮಾನಿಕೆ. ಪಾಲಿನ ಜಗಳ ಕಡಿಮೆ. ಆದರೆ 2025ರ ಜೂನ್ 4ರಂದು, ಗೆದ್ದ ತಂಡವನ್ನು ನೋಡಲು ಬಂದವರಲ್ಲಿ 11 ಮಂದಿ ಅದರ ಬಾಗಿಲುಗಳ ಬಳಿಯ ನೂಕುನುಗ್ಗಲಿನಲ್ಲಿ ಪ್ರಾಣ ಬಿಟ್ಟರು. ಆಗ ಇಡೀ ನಾಡು ಕೇಳಿದ ಪ್ರಶ್ನೆ ಒಂದೇ: ಹೊಣೆ ಯಾರದು? ಅಂಗಳ ಯಾರದೆಂಬ ಮಾತಿಗೆ ಕೊನೆಗೆ ಉಳಿಯುವ ಅರ್ಥವೂ ಇದೇ. ಬಾಗಿಲಲ್ಲಿ ಬಿದ್ದವನನ್ನು ಎತ್ತುವ ಭಾರ ಯಾರ ಮೇಲಿದೆಯೋ, ಆ ಅಂಗಳ ಅವನದು.

ಕಂಠೀರವದಲ್ಲಿ ಸಾಮರಸ್ಯದ ಗಳಿಗೆಗಳೂ ಇಲ್ಲದಿಲ್ಲ. 2025ರ ಜುಲೈ 5ರ ಸಂಜೆ, ತನ್ನ ಹೆಸರಿನ ಸ್ಪರ್ಧೆಯಲ್ಲಿ ನೀರಜ್ ಚೋಪ್ರಾ ಭರ್ಜಿಯನ್ನು 86.18 ಮೀಟರ್ ದೂರಕ್ಕೆಸೆದು ಗೆದ್ದಾಗ, ಕಾಲ್ಚೆಂಡಿಗೆಂದು ಸಾಕಿದ ಅದೇ ಹುಲ್ಲು ಅದನ್ನು ಎದೆಯೊಡ್ಡಿ ಬರಮಾಡಿಕೊಂಡಿತು. ಅಟ್ಟಣಿಗೆಗಳಿಂದ ಎದ್ದ ಗರ್ಜನೆ ಕಾಲ್ಚೆಂಡಿನ ಸಂಜೆಯದಕ್ಕಿಂತ ಕಡಿಮೆಯದೇನಾಗಿರಲಿಲ್ಲ. ಮರುದಿನ ಗುಂಡಿ ಮುಚ್ಚಿದರೆ ಹುಲ್ಲು ಬೆಳೆಯುತ್ತದೆ. ಮನಸ್ಸಿದ್ದರೆ ವೇಳಾಪಟ್ಟಿಯಲ್ಲೂ ಎಲ್ಲರಿಗೂ ಎಡೆ ದೊರೆಯುತ್ತದೆ.

ಕ್ರೀಡಾಂಗಣದ ಪಕ್ಕದಲ್ಲಿ, ಅವಸರದಲ್ಲಿ ಹೋಗುವವರ ಕಣ್ಣಿಗೆ ಬೀಳದ ಒಂದು ಚಿಕ್ಕ ಕೊಳವುಂಟು. ಸಂಪಂಗಿ ಕೆರೆಯಲ್ಲಿ ಉಳಿದದ್ದು ಅಷ್ಟೇ. ಪ್ರತಿ ಚೈತ್ರದಲ್ಲಿ ಧರ್ಮರಾಯಸ್ವಾಮಿಯ ಕರಗ ಬಂದಾಗ, ಹುಣ್ಣಿಮೆಗೆ ಮೊದಲು ಹಸಿ ಕರಗದ ವಿಧಿ ಈ ನೀರಿನ ಬಳಿಯೇ ನಡೆಯಬೇಕು. ಕೆರೆ ಹೋಯಿತು, ತೋಟಗಳು ಹೋದವು. ಆದರೆ ತಿಗಳರು ತಮ್ಮ ಹಕ್ಕನ್ನು ಬಿಡಲಿಲ್ಲ, ಊರೂ ಅದನ್ನು ಕಸಿಯಲಿಲ್ಲ. ಯಾವ ಇಲಾಖೆಯ ಹೆಸರಿನಲ್ಲಿ ಖಾತೆ ಇದ್ದರೇನು, ವರ್ಷಕ್ಕೊಂದು ರಾತ್ರಿ ಆ ನೀರು ಅವರದು.

ಬೆಳಗಾದರೆ ಬಾಗಿಲು ತೆರೆಯುತ್ತದೆ. ಮೊಳೆಬೂಟಿನ ಚೀಲ ಹೊತ್ತ ಹುಡುಗಿ ಒಳಗೆ ಬಂದು, ಎಂಟು ಪಟ್ಟೆಗಳಲ್ಲಿ ಒಂದನ್ನು ಆರಿಸಿ, ಬಾಗಿ ನಿಲ್ಲುತ್ತಾಳೆ. ಆ ಗಳಿಗೆಯಲ್ಲಿ ಆ 400 ಮೀಟರು ಅವಳದು. ಅದನ್ನು ಅವಳಿಗೆ ಉಳಿಸಿಕೊಡುವುದಷ್ಟೇ ಹಿರಿಯರ ಪಾಲಿನ ಕೆಲಸ.