ಹಿಮದ ನಾಡಿನ ದೊಡ್ಡ ಗಾಲಿಗಳು

ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ, ಧ್ರುವವೃತ್ತಕ್ಕೆ ತುಸು ಕೆಳಗಿರುವ ಐಸ್‌ಲೆಂಡ್ ದ್ವೀಪಕ್ಕೆ ಹೋದ ಪ್ರವಾಸಿಗೆ ರಾಜಧಾನಿ ರೇಕ್ಯಾವಿಕ್‌ನ ಬೀದಿಯಲ್ಲಿಯೇ ಒಂದು ಸೋಜಿಗ ಎದುರಾಗುತ್ತದೆ. ಸಾಲಾಗಿ ನಿಂತ ಕಾರುಗಳ ನಡುವೆ, ಕುರಿಗೆ ಆನೆಯ ಕಾಲು ಜೋಡಿಸಿದಂತೆ ಕಾಣುವ ಒಂದು ಜೀಪು! ಅದರ ಗಾಲಿಯೇ ಎಂಟು ವರ್ಷದ ಹುಡುಗನ ಎದೆಮಟ್ಟಕ್ಕೆ ಬರುತ್ತದೆ. ಕಾರ್ಖಾನೆಯವರು ಕೊಟ್ಟ 31 ಅಂಗುಲದ ಟೈರುಗಳನ್ನು ಕಳಚಿ, 38 ಅಂಗುಲದವುಗಳನ್ನು ತೊಡಿಸಿರುತ್ತಾರೆ. 44 ಅಂಗುಲಕ್ಕೆ ಹೋದವರೂ ಉಂಟು. ಇದೊಂದು ಶೋಕಿಯೆಂದು ನಕ್ಕು ಮುಂದೆ ನಡೆಯುವವರು ಇನ್ನೂ ಊರ ಗಡಿ ದಾಟಿದವರಲ್ಲ.

ದ್ವೀಪವನ್ನು ಸುತ್ತುವ ಹೆದ್ದಾರಿ ಪೂರ್ಣಗೊಂಡದ್ದೇ 1974ರಲ್ಲಿ. ಅದರ ಒಳಗಿನ ನಡುನಾಡೆಂದರೆ ಕರಿಯ ಬೂದಿಮರಳು, ಲಾವಾ ಬಂಡೆ, ಸೇತುವೆಯಿಲ್ಲದ ನದಿಗಳು. ನಾಡಿನ ಹತ್ತರಲ್ಲೊಂದು ಪಾಲನ್ನು ಹಿಮಾನಿಗಳೇ ಆವರಿಸಿವೆ. ಚಳಿಗಾಲದಲ್ಲಿ ಒಳನಾಡಿನ ದಾರಿಗಳು ಮುಚ್ಚಿಹೋಗುತ್ತವೆ. ಸಾಮಾನ್ಯ ಜೀಪು ಅಂಥ ಹಿಮದಲ್ಲಿ ನಾಲ್ಕು ಮಾರು ಹೋಗಿ ಹೊಟ್ಟೆಯ ಮೇಲೆ ಕುಳಿತುಬಿಡುತ್ತದೆ.

ದೊಡ್ಡ ಗಾಲಿಯ ಮಹಿಮೆ ಇಲ್ಲಿ ಪ್ರಕಟವಾಗುತ್ತದೆ. ವ್ಯಾಸ 7 ಅಂಗುಲ ಹೆಚ್ಚಿದರೆ ಅಚ್ಚು ನೆಲದಿಂದ ಮೂರೂವರೆ ಅಂಗುಲ ಮೇಲೇರುತ್ತದೆ. ಆದರೆ ನಿಜವಾದ ಗುಟ್ಟು ಎತ್ತರದಲ್ಲಿಲ್ಲ, ಗಾಳಿಯಲ್ಲಿದೆ. ಹಿಮದ ಅಂಚಿಗೆ ಬಂದೊಡನೆ ಚಾಲಕನು ಕೆಳಗಿಳಿದು ಟೈರಿನ ಗಾಳಿಯನ್ನು ಬಿಡತೊಡಗುತ್ತಾನೆ. ರಸ್ತೆಯ ಮೇಲೆ 25 ಪೌಂಡಿನಷ್ಟಿದ್ದ ಒತ್ತಡ ಮೆದು ಹಿಮದಲ್ಲಿ 3 ಪೌಂಡಿಗೂ ಇಳಿಯುವುದುಂಟು. ಆಗ ಟೈರು ಬಸವಳಿದು ನೆಲದುದ್ದಕ್ಕೂ ಚಾಚಿಕೊಳ್ಳುತ್ತದೆ. ಗಾಡಿಯ ಭಾರ ಅಗಲವಾದ ಪಾದದ ಮೇಲೆ ಹಂಚಿಹೋಗಿ, ಮರಳಿನಲ್ಲಿ ಒಂಟೆ ನಡೆವಂತೆ ಎರಡು ಟನ್ನಿನ ವಾಹನ ಹಿಮದ ಮೇಲೆಯೇ ತೇಲುತ್ತ ಸಾಗುತ್ತದೆ. ಸಣ್ಣ ಟೈರಿನ ಗಾಳಿಯನ್ನು ಇಷ್ಟು ಇಳಿಸಿದರೆ ಚಕ್ರದ ಉಕ್ಕಿನ ಅಂಚು ನೆಲಕ್ಕೇ ತಾಗೀತು.

ಈ ವರಕ್ಕೆ ತೆರಬೇಕಾದ ಬೆಲೆಯೇನೂ ಅಲ್ಪವಲ್ಲ. ದೊಡ್ಡ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ. ವೇಗಸೂಚಿಗೆ ಅದು ತಿಳಿಯದು. ಮುಳ್ಳು 90 ಕಿಲೋಮೀಟರ್ ತೋರಿಸುತ್ತಿರುವಾಗ ಗಾಡಿ 110ರಲ್ಲಿ ಓಡುತ್ತಿರುತ್ತದೆ! ಆ ದೇಶದ ಡಾಂಬರು ರಸ್ತೆಯ ಸಾಮಾನ್ಯ ಮಿತಿಯೇ 90 ಆದುದರಿಂದ ಪೊಲೀಸರ ಮುಂದೆ ಮುಳ್ಳಿನ ಸಾಕ್ಷ್ಯ ನಿಲ್ಲದು. ಸಾವಿರ ಕಿಲೋಮೀಟರ್ ನಡೆದ ಗಾಡಿಯ ಲೆಕ್ಕದಲ್ಲಿ ಸುಮಾರು 816 ಮಾತ್ರ ದಾಖಲಾಗುತ್ತದೆ. ಅದಕ್ಕಿಂತ ಗಂಭೀರವಾದದ್ದು ಬ್ರೇಕಿನ ಮಾತು. ಬ್ರೇಕು ಹಿಂದಿನಷ್ಟೇ ಬಲದಿಂದ ಹಿಡಿದರೂ, ನೆಲ ಅಚ್ಚಿನಿಂದ ದೂರ ಸರಿದಿರುವುದರಿಂದ ತಡೆಯುವ ಶಕ್ತಿ ಐದರಲ್ಲಿ ಒಂದು ಪಾಲಿನಷ್ಟು ಕುಂದುತ್ತದೆ. ಎಂಜಿನ್ನಿನ ಎಳೆಯುವ ಶಕ್ತಿಗೂ ಅದೇ ಗತಿ. ಗೇರು ತಾನಾಗಿ ಎತ್ತರವಾದಂತೆ ಗಾಡಿ ಏರಿನಲ್ಲಿ ಏದುಸಿರುಬಿಡುತ್ತದೆ. ಆದ್ದರಿಂದ ಬಲ್ಲವರು ಡಿಫರೆನ್ಷಿಯಲ್ಲಿನ ಹಲ್ಲುಚಕ್ರಗಳನ್ನು ಬದಲಿಸುತ್ತಾರೆ, ಮಡ್‌ಗಾರ್ಡುಗಳನ್ನು ಕತ್ತರಿಸುತ್ತಾರೆ, ಬ್ರೇಕನ್ನು ಬಲಪಡಿಸುತ್ತಾರೆ, ವೇಗಸೂಚಿಯನ್ನು ತಿದ್ದಿಸುತ್ತಾರೆ. ಬರಿಯ ಟೈರು ಕೊಂಡು ಹಾಕಿಕೊಂಡವನು ಅರ್ಧ ಕೆಲಸ ಮಾಡಿದವನು. ಆ ಅರ್ಧವೇ ಅಪಾಯಕರ.

ನದಿಯಲ್ಲಂತೂ ದೊಡ್ಡ ಗಾಲಿಯೇ ವಂಚಿಸಬಲ್ಲದು. ಥೋರ್ಸ್‌ಮೋರ್ಕ್ ಕಣಿವೆಯ ಕ್ರೋಸ್ಸಾ ನದಿ ಇದಕ್ಕೆ ಹೆಸರಾದದ್ದು. ಬೆಳಿಗ್ಗೆ ಸಾಧುವಾಗಿರುವ ಈ ಹಿಮಾನಿನದಿ, ಬಿಸಿಲೇರಿ ಮಂಜು ಕರಗಿದಂತೆ ಮಧ್ಯಾಹ್ನಕ್ಕೆ ಉಬ್ಬುತ್ತದೆ. ಬೂದುಬಣ್ಣದ ನೀರಿನಲ್ಲಿ ತಳ ಕಾಣದು. ಎತ್ತರದ ಜೀಪು ಆಳವನ್ನು ಗೆಲ್ಲುತ್ತದೆ, ನಿಜ. ಆದರೆ ಗಾಳಿ ತುಂಬಿದ ನಾಲ್ಕು ಭಾರಿ ಟೈರುಗಳು ನೀರಿನಲ್ಲಿ ಬುರುಡೆಗಳಂತೆ ತೇಲಬಯಸುತ್ತವೆ. ಗಾಲಿಯ ಹಿಡಿತ ತಪ್ಪಿತೆಂದರೆ ಪ್ರವಾಹವೇ ಸಾರಥಿ.

ಇಷ್ಟಾದರೂ ಈ ವಾಹನಗಳು ಅಲ್ಲಿಯವರಿಗೆ ಆಟಿಕೆಗಳಲ್ಲ. ಹಿಮಗಾಳಿಯಲ್ಲಿ ದಾರಿತಪ್ಪಿದವರನ್ನು ಹುಡುಕುವ ಕೆಲಸ ಆ ದೇಶದಲ್ಲಿ ಹೆಚ್ಚಾಗಿ ಸ್ವಯಂಸೇವಕರದು. ವರ್ಷಾಂತ್ಯದಲ್ಲಿ ಪಟಾಕಿ ಮಾರಿ ನಿಧಿ ಕೂಡಿಸುವ ಈ ತಂಡಗಳ ಕೊಟ್ಟಿಗೆಗಳಲ್ಲಿ ದೊಡ್ಡ ಗಾಲಿಯ ಜೀಪುಗಳು ಸಿದ್ಧವಾಗಿ ನಿಂತಿರುತ್ತವೆ. ನಡುರಾತ್ರಿ ಕರೆ ಬಂದರೆ ಬಡಗಿಯೂ ಉಪಾಧ್ಯಾಯನೂ ಹಾಸಿಗೆಯಿಂದೆದ್ದು ಅವನ್ನೇರಿ ಹೊರಡುತ್ತಾರೆ.

ಎಲ್ಲಿ ಬೇಕಾದರೂ ನುಗ್ಗಬಲ್ಲ ಗಾಡಿಗೆ ಎಲ್ಲಿ ಬೇಕಾದರೂ ನುಗ್ಗುವ ಹಕ್ಕು ಮಾತ್ರ ಇಲ್ಲ. ಹಿಮಾನಿಯ ಮೇಲೆ, ಅಥವಾ ಹೆಪ್ಪುಗಟ್ಟಿ ಹಿಮ ಹೊದ್ದ ನೆಲದ ಮೇಲೆ ಓಡಿಸಬಹುದು. ಬರಿಯ ನೆಲದಲ್ಲಿ ದಾರಿಬಿಟ್ಟು ಇಳಿದರೆ ದಂಡ. ಲಾವಾದ ಮೇಲಿನ ಹಸಿರು ಪಾಚಿಯಲ್ಲಿ ಒಮ್ಮೆ ಬಿದ್ದ ಗಾಲಿಯ ಗುರುತು ಮಾಯಲು ದಶಕಗಳೇ ಬೇಕಾಗಬಹುದು.

ಸಂಜೆಗೆ ಜೀಪು ಮತ್ತೆ ಡಾಂಬರಿನ ಅಂಚಿಗೆ ಬರುತ್ತದೆ. ಜೋಲುಬಿದ್ದ ಟೈರಿನಲ್ಲಿ ವೇಗವಾಗಿ ಓಡಿಸಿದರೆ ಅದು ಕಾಯ್ದು ಹರಿದೀತು. ಚಾಲಕನು ಎಂಜಿನ್ನಿಗೆ ಜೋಡಿಸಿದ ಪಂಪಿನ ಕೊಳವೆ ಹಿಡಿದು ಒಂದೊಂದಾಗಿ ಗಾಲಿಗಳಿಗೆ ಗಾಳಿ ತುಂಬುತ್ತಾನೆ. ನಾಲ್ಕನೆಯದು ತುಂಬುವ ಹೊತ್ತಿಗೆ ಪ್ರವಾಸಿಗಳ ಫ್ಲಾಸ್ಕಿನ ಕಾಫಿ ತೀರಿರುತ್ತದೆ.