ತ್ರಿಕೋನ ದಾರಿಯಲ್ಲಿ ಜೀಪಿನ ಜ್ವರ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ - ದಕ್ಷಿಣ ಕನ್ನಡದ ಭೂಪಟದ ಮೇಲೆ ಈ ಮೂರನ್ನು ಗೆರೆಯೆಳೆದು ಜೋಡಿಸಿದರೆ ಒಂದು ತ್ರಿಕೋನ. ಒಂದು ಮೂಲೆಗೆ ನೇತ್ರಾವತಿಯ ದಡ, ಇನ್ನೊಂದಕ್ಕೆ ಘಟ್ಟದ ಬುಡ, ಮತ್ತೊಂದಕ್ಕೆ 1430ರ ಸಾವಿರ ಕಂಬದ ಬಸದಿ. ಬಸ್ಸು ಹೋಗಲಾರದ ಒಳದಾರಿಗಳಿಗೆ ಇಲ್ಲಿನವರು ನೆಚ್ಚಿಕೊಂಡದ್ದು ಹಳೆಯ ಜೀಪನ್ನೇ. ಶಾಲೆ ಕಾಲೇಜಿನ ಮಕ್ಕಳು, ಅಡಿಕೆ ಮೂಟೆ, ಆಸ್ಪತ್ರೆಗೆ ಹೊರಟ ಅಜ್ಜಿ - ಎಲ್ಲರೂ ಅದರಲ್ಲೇ.

ಈ ಜೀಪಿಗೆ ವಯಸ್ಸಾದಂತೆ ಬರುವ ದೊಡ್ಡ ಕಾಯಿಲೆ ಎಂಜಿನ್ ಕುದಿಯುವುದು. ಆಗ ಬಹುಮಂದಿ ಮಾಡುವುದು ಒಂದೇ ಚಿಕಿತ್ಸೆ: ನೀರು ಹುಯ್ಯುವುದು! ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆ ಇಟ್ಟಂತೆ ಇದು. ರೋಗ ಯಾವುದೆಂದು ತಿಳಿಯಬೇಕಾದರೆ, ಎಲ್ಲಿ ಮತ್ತು ಯಾವಾಗ ಬಿಸಿಯಾಯಿತು ಎಂದು ಕೇಳಬೇಕು. ಅದಕ್ಕೆ ಈ ತ್ರಿಕೋನದ ದಾರಿಯೇ ಒಳ್ಳೆಯ ಪರೀಕ್ಷಾಶಾಲೆ.

ಮೊದಲು ಬಿ.ಸಿ. ರೋಡು. ವಾಹನಗಳ ಸಾಲಿನಲ್ಲಿ ನಿಂತಾಗ ಮೀಟರಿನ ಮುಳ್ಳು ಏರಿ, ಓಡತೊಡಗಿದ ಮೇಲೆ ಇಳಿದರೆ, ಕೊರತೆ ಗಾಳಿಯದ್ದು. ಓಡುವಾಗ ರೇಡಿಯೇಟರಿಗೆ ಎದುರುಗಾಳಿ ತಾನಾಗಿ ಸಿಗುತ್ತದೆ. ನಿಂತಾಗ ಫ್ಯಾನು ಎಳೆದುಕೊಂಡದ್ದೇ ಗಾಳಿ. ಆದ್ದರಿಂದ ಮೊದಲು ನೋಡಬೇಕಾದದ್ದು ಫ್ಯಾನ್ ಬೆಲ್ಟು. ಸಡಿಲಾಗಿದೆಯೇ, ಸವೆದು ಜಾರುತ್ತಿದೆಯೇ? ಅನೇಕ ಹಳೆಯ ಜೀಪುಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು.

ಬಂಟ್ವಾಳ ದಾಟಿ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಗಳ ಮೂಲಕ ಬೆಳ್ತಂಗಡಿ. ಮುಂದೆ ಉಜಿರೆ, ಆಮೇಲೆ ಚಾರ್ಮಾಡಿ ಘಾಟಿ. ಸುಟ್ಟ ಇಂಧನದ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ತಂಪು ನೀರೇ ಹೊತ್ತೊಯ್ಯಬೇಕು. ಏರಿನಲ್ಲಿ ಇಂಧನ ಹೆಚ್ಚು ಉರಿಯುತ್ತದೆ, ಶಾಖವೂ ಹೆಚ್ಚುತ್ತದೆ. ಆದರೆ ವೇಗ ಕಡಿಮೆಯಾದ್ದರಿಂದ ಎದುರುಗಾಳಿ ಇಲ್ಲ. ಬಯಲಲ್ಲಿ ಸರಿಯಿದ್ದು ಘಾಟಿಯಲ್ಲಿ ಮಾತ್ರ ಕುದಿಯುವ ಜೀಪಿನಲ್ಲಿ ಹೆಚ್ಚಾಗಿ ರೇಡಿಯೇಟರೇ ಅರ್ಧ ಕಟ್ಟಿಕೊಂಡಿರುತ್ತದೆ. ಹೊರಗೆ ಮಳೆಗಾಲದ ಕೆಂಪು ಕೆಸರು, ಹುಲ್ಲಿನ ಕಸ. ಒಳಗೆ ತೋಡಿನ ನೀರು ತಂದ ಮಣ್ಣು ಮತ್ತು ತುಕ್ಕು. ಮಿತಿ ಮೀರಿ ಜನ ತುಂಬುವುದೂ ಇದೇ ಜ್ವರವನ್ನು ತರುತ್ತದೆ.

ಎಂಜಿನ್ ಕಾದಿದ್ದರೂ ರೇಡಿಯೇಟರಿನ ಕೆಳಗಿನ ಹೋಸ್ ತಣ್ಣಗಿದ್ದರೆ ನೀರು ಹರಿಯುತ್ತಿಲ್ಲವೆಂದು ಅರ್ಥ. ಥರ್ಮೋಸ್ಟಾಟ್ ತೆರೆಯದೆ ಅಂಟಿಕೊಂಡಿರಬಹುದು. ಅದನ್ನು ಬಿಚ್ಚಿ, ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕಾಯಿಸಿ ನೋಡಿ. 80 ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ತೆರೆಯತೊಡಗಬೇಕು. ತೆರೆಯದಿದ್ದರೆ ಹೊಸದು ಹಾಕಬೇಕೇ ಹೊರತು, ಕಿತ್ತೆಸೆದು ಖಾಲಿ ಬಿಡಬಾರದು. ಎಂಜಿನ್ ಸದಾ ತಣ್ಣಗೆ ಓಡಿದರೆ ಡೀಸೆಲ್ ಖರ್ಚೂ ಸವೆತವೂ ಹೆಚ್ಚು.

ಇನ್ನು ಗುರುವಾಯನಕೆರೆಯಿಂದ ವೇಣೂರಿನ ದಾರಿ. 1604ರಲ್ಲಿ ನಿಂತ 35 ಅಡಿಯ ಗೊಮ್ಮಟನನ್ನು ನೋಡಿ ಮೂಡುಬಿದಿರೆಗೆ ಹೋಗಬಹುದು. ಇಲ್ಲಿ ಘಾಟಿಯಂಥ ದೀರ್ಘ ಏರಿಲ್ಲ, ಪೇಟೆಯ ನಿಲುಗಡೆಯೂ ಕಡಿಮೆ. ಇಲ್ಲೂ ಕುದಿದರೆ, ಹೊರಗೆಲ್ಲೂ ಸೋರದೆ ನೀರು ಮಾತ್ರ ಕಡಿಮೆಯಾಗುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ ಪಡಬೇಕು. ತಣ್ಣಗಿನ ಎಂಜಿನಿನ ರೇಡಿಯೇಟರ್ ಮುಚ್ಚಳ ತೆಗೆದು ಚಾಲೂ ಮಾಡಿದಾಗ ಗುಳ್ಳೆಗಳು ನಿಲ್ಲದೆ ಏಳುವುದು, ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುವುದು ಅದರ ಲಕ್ಷಣಗಳು. ಹಾಗೆಯೇ ಓಡಿಸಿದರೆ ಸಿಲಿಂಡರ್ ಹೆಡ್ ಸೊಟ್ಟಗಾಗಿ, ಚಿಕ್ಕ ರಿಪೇರಿ ಮಾಲೀಕನ ತಿಂಗಳ ದುಡಿಮೆಯನ್ನೇ ನುಂಗೀತು.

ವಿದ್ಯಾರ್ಥಿಗಳು ನೆನಪಿಡಬೇಕಾದ ಮಾತೊಂದಿದೆ. ರೇಡಿಯೇಟರ್ ಎಂದರೆ ಪ್ರೆಷರ್ ಕುಕ್ಕರ್ ಇದ್ದಂತೆ. ಮುಚ್ಚಳದ ಒತ್ತಡದಿಂದ ಒಳಗಿನ ನೀರು 100 ಡಿಗ್ರಿ ಮೀರಿದರೂ ಕುದಿಯದೆ ಇರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಬಿದ್ದುಹೋಗಿ, ನೀರು ಒಮ್ಮೆಲೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ದಾರಿಯಲ್ಲಿ ಜೀಪು ಹೊಗೆಯಾಡಿದರೆ ಮಕ್ಕಳು ಕುತೂಹಲಕ್ಕೂ ಬಾನೆಟ್ ಬಳಿ ಹೋಗಬಾರದು. ಎಂಜಿನ್ ಆರಿಸಿ ಅರ್ಧ ಗಂಟೆಗೂ ಹೆಚ್ಚು ಕಾಯಬೇಕು. ಕಾದ ಎಂಜಿನಿಗೆ ತಣ್ಣೀರು ಸುರಿದರೆ ಬ್ಲಾಕ್ ಬಿರುಕು ಬಿಡಬಹುದು. ಮೀಟರಿನ ಮುಳ್ಳು ದಿಢೀರನೆ ಇಳಿಯಿತೆಂದು ನಂಬುವುದೂ ಅಪಾಯ. ನೀರು ಪೂರ್ತಿ ಖಾಲಿಯಾದಾಗಲೂ ಮುಳ್ಳು ಇಳಿಯುವುದುಂಟು.

ಮಕ್ಕಳನ್ನು ದಿನವೂ ಜೀಪಿನಲ್ಲಿ ಕಳಿಸುವ ತಂದೆತಾಯಂದಿರು ಚಾಲಕರನ್ನು ಒಂದು ಮಾತು ಕೇಳಿದರೆ ತಪ್ಪಿಲ್ಲ: "ದಿನಕ್ಕೆ ಎಷ್ಟು ಸಲ ನೀರು ಹಾಕ್ತೀರಿ?" ಸರಿಯಾಗಿರುವ ಜೀಪಿಗೆ ದಿನವೂ ನೀರು ಬೇಕಾಗುವುದಿಲ್ಲ. ಬೇಕಾಗುತ್ತಿದ್ದರೆ, ಮೂಡುಬಿದಿರೆಯಿಂದ ಸಿದ್ಧಕಟ್ಟೆಯ ಮೇಲೆ ಬಂಟ್ವಾಳಕ್ಕೆ ಮರಳಿ ತ್ರಿಕೋನ ಮುಗಿಸುವ ಮೊದಲೇ ಗ್ಯಾರೇಜಿನ ಬಾಗಿಲು ತಟ್ಟುವುದು ಲೇಸು. ಅಲ್ಲಿ "ಬಿಸಿಯಾಗ್ತದೆ" ಎಂದಷ್ಟೇ ಹೇಳಿದರೆ ಸಾಲದು. ನಿಂತಾಗಲೋ, ಏರಿನಲ್ಲೋ, ಸಮತಟ್ಟಿನಲ್ಲೋ ಎಂಬುದನ್ನೂ ಹೇಳಿದರೆ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಹಗುರ.