ಟೆನಿಸ್ ಅಂಗಳದಲ್ಲೊಂದು ಯುದ್ಧ ಸ್ಮಾರಕ

ದಿಮಾಪುರದಲ್ಲಿ ರೈಲು ಇಳಿದು, ಸುಮಾರು 74 ಕಿ.ಮೀ. ಬೆಟ್ಟದ ದಾರಿ ಹತ್ತಿದರೆ ನಾಗಾಲ್ಯಾಂಡಿನ ರಾಜಧಾನಿ ಕೊಹಿಮಾ. ಊರಿನ ನಡುವೆ, ವಾಹನಗಳ ಗದ್ದಲದ ಪಕ್ಕದಲ್ಲೇ, ಗುಡ್ಡವೊಂದು ಹಸಿರು ಜಗಲಿಗಳಾಗಿ ಮೇಲೇರುತ್ತದೆ. ಪ್ರತಿ ಜಗಲಿಯ ಮೇಲೂ ಸಾಲು ಸಾಲು ಸಮಾಧಿಗಳು, ನಡುನಡುವೆ ಹೂಗಿಡಗಳು. ಇದು ಗ್ಯಾರಿಸನ್ ಹಿಲ್. ಎರಡನೆಯ ಮಹಾಯುದ್ಧದ ಘೋರ ಕದನಗಳಲ್ಲೊಂದು ನಡೆದದ್ದು ಇಲ್ಲಿಯೇ.

ಯುದ್ಧಕ್ಕೆ ಮೊದಲು ಇಲ್ಲಿ ಬ್ರಿಟಿಷ್ ಡೆಪ್ಯುಟಿ ಕಮಿಷನರರ ಬಂಗಲೆಯಿತ್ತು. ಪಕ್ಕದಲ್ಲೊಂದು ಟೆನಿಸ್ ಅಂಗಳ. 1944ರ ಏಪ್ರಿಲ್ ಆರಂಭದಲ್ಲಿ ಬರ್ಮಾ ಗಡಿ ದಾಟಿದ ಜಪಾನೀ ಪಡೆ ಕೊಹಿಮಾವನ್ನು ಮುತ್ತಿತು. ಈ ದಂಡಯಾತ್ರೆಯಲ್ಲಿ ಜಪಾನೀಯರ ಜೊತೆ ನೇತಾಜಿಯವರ ಆಜಾದ್ ಹಿಂದ್ ಫೌಜಿನ ತುಕಡಿಗಳೂ ಇದ್ದವು. ಎದುರಿಗೆ ಬ್ರಿಟಿಷರ ಭಾರತೀಯ ಸೇನೆ. ಹೀಗಾಗಿ ಭಾರತೀಯರು ಎರಡೂ ಕಡೆ ಇದ್ದರು.

ಒಂದು ಹಂತದಲ್ಲಿ ಎರಡು ಸೈನ್ಯಗಳ ನಡುವೆ ಉಳಿದದ್ದು ಟೆನಿಸ್ ಅಂಗಳದಷ್ಟೇ ಅಂತರ. ಚೆಂಡು ಹಾರಾಡಬೇಕಿದ್ದ ಕಡೆ ಕೈಬಾಂಬುಗಳು ಹಾರಾಡಿದವು. ಮೇ ತಿಂಗಳಲ್ಲಿ ಟ್ಯಾಂಕೊಂದನ್ನು ಅಂಗಳಕ್ಕೇ ಇಳಿಸಿದ ಮೇಲೆ ಆ ನೆಲೆ ಬ್ರಿಟಿಷರ ಕೈಗೆ ಬಂತು. ಅನ್ನವಿಲ್ಲದೆ, ಮದ್ದುಗುಂಡಿಲ್ಲದೆ ಸೊರಗಿದ ಜಪಾನೀ ಪಡೆ ಹಿಮ್ಮೆಟ್ಟಿತು. ಜೂನ್ 22ರಂದು ಇಂಫಾಲದ ರಸ್ತೆ ತೆರೆಯಿತು.

ಸ್ಮಾರಕ ಕಟ್ಟಿದವರು ಆ ಅಂಗಳವನ್ನು ಅಳಿಸಲಿಲ್ಲ. ಅದರ ಗೆರೆಗಳನ್ನು ಗುರುತು ಮಾಡಿ ಉಳಿಸಿ, ಸಮೀಪದಲ್ಲೇ ಎತ್ತರದ ಶಿಲುಬೆಯನ್ನು ನಿಲ್ಲಿಸಿದರು. ಒಂದು ಗೆರೆಯ ಬಳಿ ನಿಂತು ಇನ್ನೊಂದರತ್ತ ನೋಡಿದರೆ ಸಾಕು, ಶತ್ರು ಎಷ್ಟು ಹತ್ತಿರವಿದ್ದನೆಂಬುದು ಮಕ್ಕಳಿಗೂ ತಿಳಿಯುತ್ತದೆ. ಪಕ್ಕದಲ್ಲೊಂದು ಚೆರ್ರಿ ಮರ. ಜಪಾನೀ ಗುರಿಕಾರರು ಅಡಗಿ ಕೂರುತ್ತಿದ್ದ ಹಳೆಯ ಮರ ಯುದ್ಧದಲ್ಲಿ ನಾಶವಾಯಿತು. ಈಗಿನದು ಅದರ ಬುಡದಿಂದಲೇ ಚಿಗುರಿದ್ದು.

ಇಲ್ಲಿ 1,420 ಸಮಾಧಿಗಳಿವೆ. ಅಧಿಕಾರಿಗೆ ದೊಡ್ಡದು, ಸಿಪಾಯಿಗೆ ಚಿಕ್ಕದು ಎಂಬ ಭೇದವಿಲ್ಲ. ಎಲ್ಲರಿಗೂ ಒಂದೇ ಬಗೆಯ ಪುಟ್ಟ ಕಂಚಿನ ಫಲಕ. ತಮ್ಮ ಧರ್ಮದಂತೆ ದಹನಗೊಂಡ 917 ಹಿಂದೂ ಮತ್ತು ಸಿಖ್ ಯೋಧರ ಹೆಸರುಗಳು ಗುಡ್ಡದ ಮೇಲಣ ಪ್ರತ್ಯೇಕ ಸ್ಮಾರಕದಲ್ಲಿವೆ. ಗುರುತೇ ಸಿಗದವರೂ ಇಲ್ಲಿ ಮಲಗಿದ್ದಾರೆ.

ಆದರೆ ಇದು ಸೈನಿಕರ ಸ್ಮಾರಕ. ಊರಿನ ನಾಗಾ ಜನರಿಗೆ ಯುದ್ಧ ಬೇಕಿರಲಿಲ್ಲ. ಅದು ಅವರ ಅಂಗಳಕ್ಕೇ ಬಂತು. ಮನೆಗಳು ಸುಟ್ಟವು. ಅವರು ದಾರಿ ತೋರಿಸಿದರು, ಸಾಮಾನು ಹೊತ್ತರು, ಗುಂಡಿನ ಮಳೆಯ ನಡುವೆ ಗಾಯಾಳುಗಳನ್ನು ಸಾಗಿಸಿದರು. ಅವರ ನೆನಪು ಹುಡುಕುವವರು ಗುಡ್ಡದ ಕೆಳಗಿರುವ ಬ್ರಿಟಿಷ್ ಎರಡನೆಯ ಡಿವಿಜನ್ನಿನ ಸ್ಮಾರಕವನ್ನು ನೋಡಬೇಕು. ಅದೊಂದು ಒರಟಾದ, ನೆಟ್ಟಗೆ ನಿಂತ ಬಂಡೆ. ಹಿರಿಯರ ನೆನಪಿಗೆ ಭಾರೀ ಕಲ್ಲುಗಳನ್ನು ಎಳೆದು ತಂದು ನಿಲ್ಲಿಸುವುದು ನಾಗಾ ಬೆಟ್ಟಗಳ ಹಳೆಯ ಪದ್ಧತಿ. ಈ ಕಲ್ಲನ್ನು ಇಲ್ಲಿಗೆ ಎಳೆದು ತಂದವರೂ ನಾಗಾ ಜನರೇ. ಕೆತ್ತಿದ ಮಾತು ಪರದೇಶದ ಸೈನಿಕರದು. ನಿಂತ ಕಲ್ಲು ಈ ನೆಲದ್ದು.

ಸಂಜೆ ಶಾಲೆ ಬಿಟ್ಟ ಮಕ್ಕಳು ಗುಡ್ಡದ ಕೆಳಗಿನ ರಸ್ತೆಯಲ್ಲಿ ನಡೆದುಹೋಗುತ್ತಾರೆ. ಮೇಲಿನ ಫಲಕಗಳಲ್ಲಿ ಹೆಸರಿನ ಜೊತೆ ವಯಸ್ಸೂ ಇದೆ: 19, 20, 21. ಕಾಲೇಜು ಮೆಟ್ಟಿಲು ಹತ್ತುವ ವಯಸ್ಸು. ಮಕ್ಕಳನ್ನು ಕರೆದೊಯ್ಯುವ ತಂದೆತಾಯಿ ಆ ಅಂಕಿಗಳ ಮುಂದೆ ತುಸು ಹೊತ್ತು ನಿಂತರೆ, ಪಠ್ಯಪುಸ್ತಕದ ಮಹಾಯುದ್ಧ ಬೇರೆಯೇ ಆಗಿ ಕಾಣುತ್ತದೆ.